ಮಳೆಯ ಲೆಕ್ಕವೂ ಮಕ್ಕಳ ಪ್ರಶ್ನೆಯೂ

ಮಳೆಗಾಲದಲ್ಲಿ ಕೊಡಗಿನ ಯಾವ ಮನೆಗೆ ಹೋದರೂ ಮಾತು ಮೊದಲಾಗುವುದು ಮಳೆಯಿಂದಲೇ. ಕಾಫಿ ಬೆಳೆಗಾರರು ಬೆಳಗ್ಗೆ ಎದ್ದು ಅಂಗಳದ ಮಳೆಮಾಪಕವನ್ನು ನೋಡಿ, ‘ಇಷ್ಟು ಇಂಚು, ಇಷ್ಟು ಸೆಂಟು’ ಎಂದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಇಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಇಂಥ ನಾಡಿನ ಬಾಲಕನು ‘ಮಳೆನೆರಳಿನ ಪ್ರದೇಶ’ ಎಂಬ ಮಾತನ್ನು ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಒಪ್ಪಿಸಿ, ಮರುದಿನ ಮರೆತುಬಿಡುವನೆಂದರೆ ಅದಕ್ಕಿಂತ ವಿಷಾದದ ಸಂಗತಿ ಮತ್ತೊಂದುಂಟೆ?

ಮಾಧ್ಯಮಿಕ ತರಗತಿಗಳ ವಿಜ್ಞಾನ ಬೋಧನೆಗೆ ಇಂದು ಅಂತರಜಾಲವೆಂಬ ಹೊಸ ಸಾಧನವೊಂದು ಒದಗಿದೆ. 1995ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಬರ್ನಿ ಡಾಜ್ ಎಂಬ ಪ್ರಾಧ್ಯಾಪಕರು ಟಾಮ್ ಮಾರ್ಚ್ ಅವರೊಡಗೂಡಿ ‘ವೆಬ್‌ಕ್ವೆಸ್ಟ್’ ಎಂಬ ಕ್ರಮವೊಂದನ್ನು ರೂಪಿಸಿದರು. ಅದರ ತಿರುಳು ಸರಳವಾದುದು. ಉಪಾಧ್ಯಾಯನು ಒಂದು ಪ್ರಶ್ನೆಯನ್ನೂ ನಂಬಲರ್ಹವಾದ ಕೆಲವು ಜಾಲತಾಣಗಳನ್ನೂ ಮೊದಲೇ ಆರಿಸಿಕೊಡಬೇಕು. ಮಕ್ಕಳ ಹೊತ್ತು ಹುಡುಕಾಟದಲ್ಲಿ ಕಳೆಯದೆ, ದೊರೆತ ವಿಷಯವನ್ನು ಕುರಿತು ಆಲೋಚಿಸುವುದರಲ್ಲಿ ಸಲ್ಲಬೇಕು. ಆದರೆ ನಮ್ಮಲ್ಲಿ ಅನೇಕ ಕಡೆ ‘ಪ್ರಾಜೆಕ್ಟ್’ ಎಂದರೆ ಜಾಲದಿಂದ ಚಿತ್ರವನ್ನೂ ನಾಲ್ಕು ಪುಟ ಬರಹವನ್ನೂ ಇಳಿಸಿ ಹೊಲಿದು ತರುವುದು ಎಂದಾಗಿದೆ. ಅದು ನಕಲು, ಅನ್ವೇಷಣೆಯೆನಿಸದು.

ಅನ್ವೇಷಣೆಗೆ ಬೇಕಾದ ಸಾಮಗ್ರಿ ಕೊಡಗಿನಲ್ಲಿ ಕೈಗೆಟಕುವಂತಿದೆ. ಪಡುವಣದ ಭಾಗಮಂಡಲದಲ್ಲಿ ಮಳೆ ಜಡಿಯುತ್ತಿರುವಾಗ ಮೂಡಣದ ಕುಶಾಲನಗರದಲ್ಲಿ ಕೇವಲ ಹನಿಯುತ್ತಿರುವುದುಂಟು. ಒಂದೇ ಜಿಲ್ಲೆ, ಒಂದೇ ಕಾವೇರಿ. ಆದರೂ ಈ ಅಂತರವೇಕೆ? ಏಳನೆಯ ತರಗತಿಯ ಮಗುವಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ. ಮೊದಲು ಮಕ್ಕಳು ತಾವೇ ಅಳೆಯಲಿ. ನೇರ ಬದಿಯ ಬಾಟಲಿಯೊಂದರ ಕುತ್ತಿಗೆಯನ್ನು ಕತ್ತರಿಸಿ, ಅದನ್ನೇ ಆಲಿಕೆಯಂತೆ ಮಗುಚಿಟ್ಟರೆ ಮಳೆಮಾಪಕ ಸಿದ್ಧವಾಯಿತು. ಅನಂತರ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಜಾಲದಲ್ಲಿ ಪ್ರಕಟಿಸುವ ಅಂಕಿಗಳೊಡನೆ ತಮ್ಮ ಅಳತೆಯನ್ನು ಹೋಲಿಸಲಿ. ಎರಡೂ ಹೊಂದದಿದ್ದರೆ ಇನ್ನೂ ಲೇಸು! ಮಾಪಕವು ಮರದಡಿಯಲ್ಲಿತ್ತೆ, ಸೂರಿನ ನೀರು ಬಿತ್ತೆ ಎಂದು ಅವರು ವಿಚಾರಿಸುವರು. ಹವಾಮಾನದವರ ದಿನವು ಬೆಳಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಯವರೆಗೆ ಎಂಬುದು ಆಗ ತಾನಾಗಿ ತಿಳಿಯುವುದು. ಅಜ್ಜನ ಪುಸ್ತಕದ ಒಂದು ಇಂಚು ಜಾಲದ 25.4 ಮಿಲಿಮೀಟರ್ ಎಂಬುದೂ, ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಒಂದು ಲೀಟರ್ ನೀರೆಂಬುದೂ ಲೆಕ್ಕದಿಂದಲೇ ಹೊರಡುವುವು. ಕಡಲ ಗಾಳಿಯು ಘಟ್ಟವನ್ನೇರಿ ತಣಿದು ಮಳೆ ಸುರಿಸಿ, ಆಚೆಗೆ ಒಣಗಿದ ಗಾಳಿಯಾಗಿ ಇಳಿಯುವ ಕಥೆಯನ್ನು ಕಡೆಯಲ್ಲಿ ಹೇಳಿದರೆ ಸಾಕು; ಅಷ್ಟರಲ್ಲಿ ಮಕ್ಕಳು ಅದಕ್ಕಾಗಿ ಕಾದಿರುತ್ತಾರೆ.

ಇದು ಬರಿಯ ಪಾಠದ ಮಾತಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಬೆಟ್ಟಗಳು ಕುಸಿದು, ಜೀವಗಳೂ ಮನೆಗಳೂ ತೋಟಗಳೂ ಮಣ್ಣುಪಾಲಾದವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೂ ಜರಿಯಿತು. ದಿನದ ಮೇಲೆ ದಿನ ನೀರು ಕುಡಿದ ಮಣ್ಣು ಭಾರವಾಗಿ, ಬಿಗಿತಪ್ಪಿ, ಮುಂದಿನ ಮಳೆಗೆ ಜಾರುತ್ತದೆ. ಆದುದರಿಂದ ಇಂದಿನ ಮಳೆಯೊಂದನ್ನೇ ನೋಡದೆ ಹಿಂದಿನ ಹತ್ತು ದಿನಗಳ ಮೊತ್ತವನ್ನೂ ನೋಡುವುದನ್ನು ಕಲಿತ ಮಗು, ಎಚ್ಚರಿಕೆಯ ಅರ್ಥವನ್ನು ಮನೆಯವರಿಗೂ ತಿಳಿಸಬಲ್ಲುದು. ಮೊಬೈಲಿನಲ್ಲಿ ಹರಿದಾಡುವ ವದಂತಿಯನ್ನೂ ಅಂಕಿಗಳಿಂದ ತೂಗಿನೋಡಬಲ್ಲುದು.

ಮರ ಬಿದ್ದು ತಂತಿ ಹರಿಯುವ, ವಾರಗಟ್ಟಲೆ ವಿದ್ಯುತ್ತಿಲ್ಲದ ಊರುಗಳಲ್ಲಿ ಜಾಲವೆಲ್ಲಿ ಎಂದು ಉಪಾಧ್ಯಾಯ ಮಿತ್ರರು ಕೇಳಬಹುದು. ಪ್ರತಿ ಮಗುವಿನ ಕೈಯಲ್ಲೂ ಯಂತ್ರವಿರಬೇಕಾಗಿಲ್ಲ. ವಿದ್ಯುತ್ತು ಬಂದ ದಿನ ಉಪಾಧ್ಯಾಯರು ಹಿಂದಿನ ದಿನಗಳ ಅಂಕಿಗಳನ್ನು ತಂದು ಹಲಗೆಯ ಮೇಲೆ ಬರೆದರೂ ಕೆಲಸ ಸಾಗುವುದು. ಭಾಷೆಯ ತೊಡಕು ಇದಕ್ಕಿಂತ ದೊಡ್ಡದು. ಮನೆಯಲ್ಲಿ ಕೊಡವ ತಕ್ಕನ್ನೋ ಅರೆಭಾಷೆಯನ್ನೋ ಆಡುವ ಮಗು ಶಾಲೆಯಲ್ಲಿ ಕನ್ನಡ ಕಲಿತು, ಜಾಲದಲ್ಲಿ ಇಂಗ್ಲಿಷನ್ನು ಎದುರಿಸಬೇಕಾಗಿದೆ. ಶಿವರಾಮ ಕಾರಂತರು ‘ಬಾಲ ಪ್ರಪಂಚ’ವನ್ನು ರಚಿಸಿ ಕನ್ನಡ ಮಕ್ಕಳಿಗೆ ಲೋಕದ ಬಾಗಿಲನ್ನು ಅವರ ನುಡಿಯಲ್ಲೇ ತೆರೆದರು. ಅಂಥ ಶ್ರಮ ಜಾಲದ ಲೋಕದಲ್ಲೂ ನಡೆಯಬೇಕಾಗಿದೆ. ಅಲ್ಲಿಯವರೆಗೆ, ಕಂಡುದನ್ನು ಮಕ್ಕಳು ತಮ್ಮ ಮಾತಿನಲ್ಲೇ ಬರೆಯಲಿ. ಸ್ವಂತ ಮಾತಿನಲ್ಲಿ ಹೇಳಲಾರದ ವಿಷಯ ಇನ್ನೂ ತಿಳಿದಿಲ್ಲವೆಂದೇ ಲೆಕ್ಕ.

ಜಾಲವು ಉತ್ತರಗಳ ಭಂಡಾರ. ಅಂಗಳದಲ್ಲಿ ಅಳೆದ ನೀರಿನಿಂದ ತನ್ನದೇ ಪ್ರಶ್ನೆಯೊಂದನ್ನು ಪಡೆದ ಮಗುವಿಗೆ ಮಾತ್ರ ಅದರಿಂದ ಪ್ರಯೋಜನವುಂಟು. ಆ ಪ್ರಶ್ನೆಯನ್ನು ಹುಟ್ಟಿಸುವ ಹೊಣೆ ಇಂದಿಗೂ ಗುರುವಿನದೇ.