ಕರು ಕಾಯ್ದ ಕೈಗೆ ಒಲಿದ ಒಲವು

ಬಾಗಲಕೋಟೆಯ ವಿದ್ಯಾಗಿರಿ ಹೆಸರಿಗೆ ತಕ್ಕ ಬಡಾವಣೆ. 1906ರಲ್ಲಿ ಸ್ಥಾಪಿತವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳ ನೆರಳಿನಲ್ಲಿ ಬೆಳೆದ ನೆಲೆಯಿದು. ಮುಂಜಾನೆಯಾದರೆ ಪುಸ್ತಕ ಹಿಡಿದ ಮಕ್ಕಳ ಓಡಾಟ, ಸಂಜೆಯಾದರೆ ಉದ್ಯೋಗದಿಂದ ಮರಳುವವರ ಸಾಲು. ಆದರೆ ಇಲ್ಲಿಯ ಎಷ್ಟೋ ಮನೆಗಳ ಹಿರಿಯರು ಘಟಪ್ರಭೆಯ ದಂಡೆಯಲ್ಲಿ ದನಕರು ಕಟ್ಟಿಕೊಂಡು ಬಾಳಿದವರೇ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹೊಲಮನೆ ಮುಳುಗಿದಾಗ ಕೊಟ್ಟಿಗೆ ಬರಿದು ಮಾಡಿ, ಕಣ್ಣೀರು ಒರೆಸಿಕೊಂಡು ಎತ್ತರದ ನೆಲಕ್ಕೆ ಬಂದವರು.

ಅಂಥ ಮನೆತನದ ಸದ್ಗೃಹಸ್ಥರೊಬ್ಬರು ಕೆಲವು ತಿಂಗಳ ಹಿಂದೆ ನಮ್ಮಲ್ಲಿಗೆ ಬಂದರು. ಮಗಳು ಪದವೀಧರೆ, ಶಾಲೆಯಲ್ಲಿ ಶಿಕ್ಷಕಿ. ಹುನಗುಂದ ತಾಲೂಕಿನ ಒಂದು ಹಳ್ಳಿಯಿಂದ ಸಂಬಂಧ ಬಂದಿತ್ತು. ನಡುವೆ ನಿಂತವರು ವರನಿಗೆ ಅಂಗಡಿಯಿದೆ, ವ್ಯಾಪಾರಸ್ಥನೆಂದು ಹೇಳಿದ್ದರು. ಹೆಣ್ಣು ನೋಡುವ ದಿನ ಅವಲಕ್ಕಿಯ ತಟ್ಟೆ ಮುಂದಿಟ್ಟು, ವ್ಯಾಪಾರ ಹೇಗೆ ನಡೆದಿದೆಯೆಂದು ಇವರು ಕೇಳಿದರಂತೆ. ಆ ತರುಣ ತಲೆಯೆತ್ತಿ, “ಅಂಗಡಿ ನಂದಲ್ರೀ ಯಜಮಾನ್ರ, ನಮ್ಮ ಸೋದರತ್ತಿ ಮಗಂದು. ನಾ ದನಾ ಸಾಕಾಂವ. ಹದಿನಾಲ್ಕು ಅದಾವ. ಮುಂದನೂ ಅದನ್ನ ಮಾಡಾಂವ” ಎಂದುಬಿಟ್ಟನಂತೆ. ಅವನ ತಂದೆಯ ಮುಖ ಬಾಡಿತು. ನಡುವಿನವರು ಎದ್ದು ಹೊರಗೆ ಹೋದರು.

“ಗುರುಗಳ, ಹುಡುಗ ಬಿ.ಎ. ಓದ್ಯಾನ, ಹೊಲಾ ಐತಿ, ಗುಣಾನೂ ಛಲೋ ಐತಿ. ಆದರ ದನಾ ಕಾಯ್ತಾನ. ಮಗಳನ್ನ ಹೆಂಗ ಕೊಡೂದು?” ಇದು ಅವರು ನಮ್ಮ ಮುಂದಿಟ್ಟ ಪ್ರಶ್ನೆ.

ಈ ಪ್ರಶ್ನೆ ಒಂದೇ ಮನೆಯದಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತ ತರುಣರು ತಮಗೆ ಕನ್ಯೆ ದೊರೆಯಲೆಂದು ಬೇಡಿಕೊಳ್ಳುತ್ತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಕೆಲವರು ಅದನ್ನು ಕೇಳಿ ನಕ್ಕರು. ನಾವು ನಗಲಾರದೆ ಹೋದೆವು. ಅನ್ನ ಬೆಳೆಯುವವನೂ ಹಾಲು ಕರೆಯುವವನೂ ಮದುವೆಯ ಮಾತು ಬಂದಾಗ ತನ್ನ ಕಾಯಕವನ್ನು ಬಚ್ಚಿಡಬೇಕಾದ ಕಾಲ ಬಂದಿತೆಂದರೆ, ಕಾಯಕವನ್ನೇ ಪೂಜೆಯೆಂದು ಬಗೆದ ಸಮಾಜ ತನ್ನ ಎದೆಯನ್ನು ಮುಟ್ಟಿ ನೋಡಿಕೊಳ್ಳಬೇಕು.

ಹನ್ನೆರಡನೆಯ ಶತಮಾನದ ಶರಣರಲ್ಲಿ ತುರುಗಾಹಿ ರಾಮಣ್ಣನೆಂಬುವನೊಬ್ಬ. ತುರುಗಾಹಿಯೆಂದರೆ ದನ ಕಾಯುವವನು. ಅನುಭವಿಯಾದ ಮೇಲೂ ಆತ ಆ ಹೆಸರನ್ನು ಕಳಚಿ ಬೇರೊಂದು ದೊಡ್ಡ ಹೆಸರನ್ನು ಧರಿಸಲಿಲ್ಲ. ವಚನಗಳ ಅಂಕಿತದಲ್ಲಿಯೂ ದೇವರನ್ನು ‘ಗೋಪತಿನಾಥ ವಿಶ್ವೇಶ್ವರಲಿಂಗ’ವೆಂದೇ ಕರೆದನು. ತನ್ನ ದೈವವನ್ನು ಹಸುಗಳ ಒಡೆಯನನ್ನಾಗಿ ಕಂಡವನು ಅವನು. ದನದ ಮಂದೆ, ಅವುಗಳ ಬಣ್ಣ, ಕಾಯುವವನ ಎಚ್ಚರ ಇವೇ ಆತನ ತತ್ತ್ವದ ಮಾತುಗಳಾದವು. ಕೈಯಲ್ಲಿದ್ದ ಕೋಲನ್ನು ಬಚ್ಚಿಟ್ಟು ಅನುಭವಮಂಟಪಕ್ಕೆ ಬಂದಿದ್ದರೆ ಆ ವಚನಗಳು ನಮಗೆ ದೊರೆಯುತ್ತಿರಲಿಲ್ಲ.

ಇದಕ್ಕಿಂತಲೂ ನಮ್ಮ ಮನೆಮನೆಗೆ ಪರಿಚಿತವಾದದ್ದು ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆ. ಆ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ನಮ್ಮ ಭಾಗದ ಭಕ್ತರು ವಿಜಯಪುರದ ಮಾರ್ಗವಾಗಿ ರೈಲು ಹತ್ತಿ ಹೋಗುವ ಕ್ಷೇತ್ರ. ಮುದ್ದುಗೌಡ ಸುಗ್ಗವ್ವೆಯರ ಈ ಮಗನಿಗೆ ಬಾಲ್ಯದಲ್ಲಿ ಮಾತು ಕಡಿಮೆ. ಲೋಕದ ಕಣ್ಣಿಗೆ ಮಂದಮತಿ. ಕರು ಕಾಯುವುದಷ್ಟೇ ಅವನಿಗೆ ಸಂದ ಕೆಲಸ. ಮುಂದಿನ ಕತೆಯನ್ನು ರಾಘವಾಂಕ ಕವಿ ‘ಸಿದ್ಧರಾಮ ಚಾರಿತ್ರ’ದಲ್ಲಿ ಮನಮುಟ್ಟುವಂತೆ ಹೇಳಿದ್ದಾನೆ. ಕರು ಕಾಯುತ್ತಿದ್ದ ಹುಡುಗನ ಬಳಿಗೆ ಶ್ರೀಶೈಲದ ಮಲ್ಲಯ್ಯನು ಜಂಗಮರೂಪದಿಂದ ಬಂದು ಹಸಿವೆಯೆಂದನು. ಹುಡುಗ ಎಳೆಯ ತೆನೆಯನ್ನು ಸುಟ್ಟು ಕೊಟ್ಟನು. ಒಡಲು ಉರಿಯುತ್ತಿದೆ, ಮಜ್ಜಿಗೆಯನ್ನ ಬೇಕೆಂದಾಗ ಮನೆಗೆ ಓಡಿದನು. ತಂದು ನೋಡಿದರೆ ಅತಿಥಿಯಿಲ್ಲ. “ಮಲ್ಲಯ್ಯಾ” ಎಂದು ಕೂಗುತ್ತ, ಅಳುತ್ತ ಶ್ರೀಶೈಲದವರೆಗೂ ನಡೆದನು. ಅಲ್ಲಿ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದರೆ ಬಾಲಕ ಒಪ್ಪಲಿಲ್ಲ. ತನ್ನ ಕೈತುತ್ತನ್ನು ಬೇಡಿದವನೇ ಬೇಕೆಂದು ಹಟ ಹಿಡಿದನು. ಕಾಣದೆ ಕಂಗೆಟ್ಟು ಕಮರಿಗೆ ಹಾರಲಿದ್ದವನನ್ನು ಮಲ್ಲಯ್ಯನೇ ಕೈಹಿಡಿದು ಉಳಿಸಿದನು.

ಇಲ್ಲಿ ಗಮನಿಸಬೇಕಾದುದೊಂದಿದೆ. ದೇವರು ಪಂಡಿತರ ಮನೆಯ ಬಾಗಿಲಿಗೆ ಹೋಗಲಿಲ್ಲ, ಕರುಗಳ ನಡುವೆ ನಿಂತವನನ್ನು ಹುಡುಕಿಕೊಂಡು ಬಂದನು. ಹಸಿದ ಕರುವಿನ ಕೂಗನ್ನು ಅರಿತ ಕಿವಿ ಹಸಿದ ಅತಿಥಿಯ ಕೂಗನ್ನೂ ಅರಿಯಿತು. ಒಲವಿಗೆ ಬೇಕಾದ ಅರ್ಹತೆ ಅದೊಂದೇ.

ಅದೇ ಸಿದ್ಧರಾಮರ ಜೀವನಕ್ಕೆ ಜನಪದರು ಹೆಣೆದ ಇನ್ನೊಂದು ಕತೆಯಿದೆ. ಕುಂಬಾರರ ಕನ್ಯೆಯೊಬ್ಬಳು ಅವರ ಅಂಗಳವನ್ನು ದಿನವೂ ಸಾರಿಸಿ ರಂಗವಲ್ಲಿಯಿಡುತ್ತಿದ್ದಳು. ಅವರನ್ನೇ ಪತಿಯಾಗಿ ಬಯಸಿದಳು. ಯೋಗಿಯಾದ ತಾವು ಲಿಂಗಕ್ಕೆ ಒಪ್ಪಿಸಿಕೊಂಡವರೆಂಬ ಸತ್ಯವನ್ನು ಅವರು ಮುಚ್ಚಿಡಲಿಲ್ಲ. ಆಕೆಯ ಒಲವನ್ನು ಹಳಿಯಲೂ ಇಲ್ಲ. ತಮ್ಮ ಯೋಗದಂಡವನ್ನು ವರಿಸಲು ಸಮ್ಮತಿಸಿದರು. ಇಂದಿಗೂ ಸಂಕ್ರಾಂತಿಯ ಹೊತ್ತಿನಲ್ಲಿ ಸೊಲ್ಲಾಪುರದ ಗಡ್ಡದ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ, ಕೆರೆಯ ಬಳಿಯ ಸಮ್ಮತಿ ಕಟ್ಟೆಯಲ್ಲಿ ಆ ಮದುವೆಯ ಅಕ್ಷತೆ ಬೀಳುತ್ತದೆ, ಲಕ್ಷಾಂತರ ಜನ ಸಾಕ್ಷಿಯಾಗುತ್ತಾರೆ. ಬಳಿಕ ಆ ಕನ್ಯೆ ಅಗ್ನಿಪ್ರವೇಶ ಮಾಡಿದಳೆಂದೂ ಹೇಳುವುದುಂಟು. ಹೆಣ್ಣಿನ ಬಾಳನ್ನು ಬೆಂಕಿಗೆ ಕೊಡುವ ಮಾತು ಶರಣಧರ್ಮಕ್ಕೆ ಒಪ್ಪುವಂಥದಲ್ಲ. ಅದನ್ನು ಬಿಟ್ಟು, ಸುಳ್ಳಾಡದೆಯೂ ಒಬ್ಬರ ಒಲವನ್ನು ಗೌರವಿಸಬಹುದೆಂಬ ತಿರುಳನ್ನು ಮಾತ್ರ ನಾವು ಹಿಡಿಯಬೇಕು.

ಇಷ್ಟನ್ನು ಹೇಳಿ, ನಾವು ಆ ಗೃಹಸ್ಥರಿಗೆ ಒಂದು ಮಾತು ಕೇಳಿದೆವು: “ಸುಳ್ಳು ಹೇಳಿ ಕನ್ಯೆಯನ್ನು ಪಡೆಯುವ ಅವಕಾಶ ಕೈಯಲ್ಲಿದ್ದರೂ ಅದನ್ನು ಬಿಟ್ಟುಕೊಟ್ಟವನು ನಾಳೆ ನಿಮ್ಮ ಮಗಳಿಗೆ ಸುಳ್ಳು ಹೇಳುವನೇ?”

ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, ತಮ್ಮ ತಂದೆಯೂ ಕೃಷ್ಣಾ ಕಣಿವೆ ತಳಿಯ ಜೋಡೆತ್ತು ಕಟ್ಟಿದವರೆಂದೂ, ಮುಳುಗಡೆಯ ಕಾಲಕ್ಕೆ ಅವುಗಳನ್ನು ಮಾರಿದ ರಾತ್ರಿ ಉಣ್ಣಲಿಲ್ಲವೆಂದೂ ಹೇಳಿದರು. ಹೇಳುತ್ತ ಹೇಳುತ್ತ ಅವರ ಧ್ವನಿ ಒಡೆಯಿತು.

ಆದರೆ ಕನ್ಯಾಪಿತೃಗಳ ಅಂಜಿಕೆಯೆಲ್ಲ ಬರಿಯ ಅಹಂಕಾರವೆಂದು ನಾವು ಹೇಳಲಾರೆವು. ದನದ ಮನೆಯ ದುಡಿಮೆ ಬಹುತೇಕ ಸೊಸೆಯ ಹೆಗಲಿಗೇ ಬೀಳುತ್ತದೆ. ನಸುಕಿನಲ್ಲಿ ಸೆಗಣಿ ಬಳಿಯುವುದು, ಕಣಿಕೆ ಹಾಕುವುದು, ಗೋದಲಿ ಶುಚಿ ಮಾಡುವುದು, ಬಳಿಕ ಒಲೆಯ ಮುಂದೆ ಕೂಡುವುದು. ಹಾಲಿನ ಹಣ ಮಾತ್ರ ಗಂಡಸಿನ ಕಿಸೆಗೆ. ಓದಿದ ಹೆಣ್ಣುಮಗಳು ಇದಕ್ಕೆ ಹಿಂಜರಿದರೆ ಅದು ಅವಳ ತಪ್ಪಲ್ಲ. ದನ ಸಾಕುವುದು ಪತಿಯ ಕಾಯಕವಾದರೆ ಅದರ ಭಾರವನ್ನು ಹೊರುವವನೂ ಅವನೇ ಆಗಬೇಕು. ಹೆಚ್ಚು ಅಕ್ಕಿ ಆಯ್ದು ತಂದ ಮಾರಯ್ಯನನ್ನು ತಿದ್ದಿ ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಪರಂಪರೆ ನಮ್ಮದು. ಅಲ್ಲಿ ಸತಿ ದುಡಿಮೆಯ ಆಳಲ್ಲ, ಕಾಯಕದ ಅರಿವಿನಲ್ಲಿ ಸಮಪಾಲಿನವಳು. ಆದುದರಿಂದ ಮಗಳನ್ನೇ ಕೇಳಿರೆಂದು ನಾವು ಅವರಿಗೆ ಹೇಳಿ ಕಳುಹಿಸಿದೆವು.

ಮಗಳು ಆ ಹಳ್ಳಿಗೆ ಹೋಗಿ ನೋಡಿಬರುವೆನೆಂದಳಂತೆ. ತಾಯಿಯೊಡನೆ ಹೋದಳು. ದನದ ಮನೆಯ ಬಾಗಿಲಲ್ಲಿ ನಿಂತಾಗ ಆ ತರುಣ ಕಾಲು ಮುರಿದುಕೊಂಡ ಹೋರಿಗರುವೊಂದಕ್ಕೆ ಪಟ್ಟಿ ಕಟ್ಟುತ್ತಿದ್ದನು. ಬಂದವರನ್ನು ಕಂಡು ಕರುವನ್ನು ಬಿಟ್ಟು ಓಡಿಬರಲಿಲ್ಲ. “ಒಂದೀಟು ಕೂಡ್ರಿ, ಇದನ್ನ ಮುಗಿಸಿ ಬರ್ತೇನಿ” ಎಂದನು. ಹಾಲಿಗೂ ಬಾರದ, ಮಾರಿದರೆ ಬೆಲೆಯೂ ಸಿಗದ ಆ ಕರುವನ್ನೇಕೆ ಇಟ್ಟುಕೊಂಡಿರೆಂದು ಅವಳು ಕೇಳಿದಳಂತೆ. “ನಮ್ಮನ್ಯಾಗ ಹುಟ್ಟೇತಿ” ಎಂಬುದಷ್ಟೇ ಅವನ ಉತ್ತರ.

ಅವಳು ಎರಡು ಮಾತು ಮುಂದಿಟ್ಟಳು. ತನ್ನ ಶಾಲೆಯ ಕೆಲಸ ನಿಲ್ಲಬಾರದು. ದನದ ಮನೆಯ ಕೆಲಸ ತನ್ನೊಬ್ಬಳ ತಲೆಗೆ ಬರಬಾರದು. ಮೊದಲನೆಯದಕ್ಕೆ ಅವನು ಹೂಂ ಎಂದನು. ಎರಡನೆಯದಕ್ಕೆ ನಕ್ಕು, “ಕರಿ ಎಮ್ಮಿ ನನ್ನ ಬಿಟ್ಟು ಯಾರಿಗೂ ಹಿಂಡಗೊಡೂದುಲ್ಲ. ನೀವ ಹೂಂ ಅಂದ್ರೂ ಅದು ಒಪ್ಪಂಗಿಲ್ಲ” ಎಂದನಂತೆ. ಇದನ್ನು ಹೇಳುವಾಗ ಆ ತಂದೆಯ ಮುಖದಲ್ಲಿ ನಾವು ಮೊದಲ ಬಾರಿಗೆ ನಗೆ ಕಂಡೆವು.

ಮದುವೆ ಆಡಂಬರವಿಲ್ಲದೆ ನಡೆಯಿತು. ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಕೆಳಗೆ ‘ಗೋಪಾಲನ ಕಾಯಕ’ ಎಂದು ಅಚ್ಚಾಗಿತ್ತು. ಹಾಗೆ ಹಾಕಿಸಿದವರು ಮಾವನೇ. ಕಾರಹುಣ್ಣಿಮೆಗೆ ಮಗಳ ಮನೆಗೆ ಹೋದ ಅವರು ಎತ್ತಿನ ಕೊಂಬಿಗೆ ತಮ್ಮ ಕೈಯಾರೆ ಬಣ್ಣ ಹಚ್ಚಿದರೆಂದು ಕೇಳಿದೆವು. ಎಷ್ಟೋ ವರ್ಷಗಳ ಮೇಲೆ.

ಮದುವೆಗೆ ಬಂದ ಗಂಡುಮಕ್ಕಳಿರುವ ಮನೆಯ ಹಿರಿಯರೇ, ಅವರ ಕಾಯಕವನ್ನು ಇನ್ನೊಂದರ ಹೆಸರಿನಿಂದ ಮುಚ್ಚಬೇಡಿರಿ. ಹೆಣ್ಣುಮಕ್ಕಳ ತಂದೆತಾಯಿಗಳೇ, ವರನ ಕೈಗೆ ಸೆಗಣಿ ಹತ್ತಿದೆಯೇ ಎಂದು ನೋಡುವ ಮೊದಲು ಆ ಕೈ ಮೂಕಪ್ರಾಣಿಯನ್ನು ಹೇಗೆ ಸವರುತ್ತದೆಂದು ನೋಡಿರಿ. ಮಾತು ಬಾರದ ಜೀವದ ನೋವನ್ನು ಅರಿತವನು ಮಾತು ಬಲ್ಲ ಸಂಗಾತಿಯ ನೋವನ್ನೂ ಅರಿಯಬಲ್ಲನು.