‘ಗೆಡ್ಡೆ ತಿನ್ನಬೇಡ’ ಅಂದರೆ ಮುಗೀತಾ? ಜೋಯಿಡಾ, ಹಳಿಯಾಳದ ಆದಿವಾಸಿಗಳ ಜೊತೆ ಕಿಡ್ನಿ ಕಾಯಿಲೆಯ ಮಾತು

“ಈ ಜನ ಹೇಳಿದ್ದು ಕೇಳಲ್ಲ.” ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಸಿದ್ದಿ, ಕುಣಬಿ, ಗೌಳಿ ರೋಗಿಗಳ ಬಗ್ಗೆ ನಾನು ಹಲವು ಸಲ ಕೇಳಿರುವ ದೂರು ಇದು. ಡಯಾಲಿಸಿಸ್ ತಪ್ಪಿಸಿದರೂ ಇದೇ ಮಾತು, ಮಾತ್ರೆ ನಿಲ್ಲಿಸಿದರೂ ಇದೇ ಮಾತು. ಅವರಿಗೆ ಹೇಳಿದ್ದಾದರೂ ಏನು, ಯಾವ ಭಾಷೆಯಲ್ಲಿ, ಯಾವ ದನಿಯಲ್ಲಿ ಅಂತ ಕೇಳುವವರು ಕಮ್ಮಿ.

ಕಿಡ್ನಿ ಕಾಯಿಲೆ ಸದ್ದಿಲ್ಲದೆ ಬರುತ್ತೆ. ಸಕ್ಕರೆ ಕಾಯಿಲೆ, ಬಿಪಿ ಅದರ ಮುಖ್ಯ ಕಾರಣಗಳು. ಕಾಲು ಬಾತು ಉಸಿರಾಡೋಕೆ ಕಷ್ಟ ಆಗುವ ಹೊತ್ತಿಗೆ ಕಿಡ್ನಿ ಬಹುಪಾಲು ಹಾಳಾಗಿರಬಹುದು. ಗಟ್ಟಿಮುಟ್ಟಾಗಿ ಕೂಲಿಗೆ ಹೋಗುತ್ತಿರುವ ಮನುಷ್ಯನಿಗೆ ‘ಕ್ರಿಯಾಟಿನೈನ್ ಜಾಸ್ತಿ ಇದೆ, ದಿನಾ ಮಾತ್ರೆ ತಗೋ’ ಅಂದರೆ ಅವರು ಯಾಕೆ ನಂಬಬೇಕು? ‘ರಕ್ತ ಸೋಸುವ ಜರಡಿ ಕೆಡ್ತಾ ಇದೆ, ಈಗಿಂದ ಜೋಪಾನ ಮಾಡಿದ್ರೆ ಇನ್ನಷ್ಟು ವರ್ಷ ಬರುತ್ತೆ’ ಅಂದರೆ ಕಾಯಿಲೆ ಕಣ್ಣಿಗೆ ಕಟ್ಟುತ್ತೆ.

ಅದನ್ನೂ ಅವರ ಭಾಷೆಯಲ್ಲಿ ಹೇಳಬೇಕು. ಕುಣಬಿಗಳ ಮನೆಮಾತು ಕೊಂಕಣಿ. ಗೌಳಿಗಳದ್ದು ಮರಾಠಿಗೆ ಹತ್ತಿರದ ನುಡಿ. ಸಿದ್ದಿಗಳದ್ದು ಕೊಂಕಣಿ, ಮರಾಠಿ, ಕನ್ನಡ ಬೆರೆತ ಮಾತು. ಆಸ್ಪತ್ರೆಯಲ್ಲಿ ದುಭಾಷಿ ಇಲ್ಲದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳೇ ಆ ಕೆಲಸ ಮಾಡಬೇಕು. ಅಜ್ಜನ ಸಾವು-ಬದುಕಿನ ವಿಷಯವನ್ನು ಮಗುವಿನ ಬಾಯಲ್ಲಿ ಹೇಳಿಸೋದು ಎಂಥಾ ನ್ಯಾಯ? ಇನ್ನು ಏಕವಚನ. ಪೇಟೆಯವರಿಗೆ ‘ಬನ್ನಿ, ಕೂತ್ಕೊಳ್ಳಿ’, ಎಪ್ಪತ್ತು ದಾಟಿದ ಸಿದ್ದಿ ಅಜ್ಜಿಗೆ ‘ಏ, ಬಾ ಇಲ್ಲಿ’. ಹಾಗೆ ಕರೆಸಿಕೊಂಡವರು ತಿರುಗಿ ಪ್ರಶ್ನೆ ಕೇಳುವುದಿಲ್ಲ. ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಆ ತಲೆಯಾಟವನ್ನೇ ನಾವು ಒಪ್ಪಿಗೆ ಅಂತ ಬರೆದುಕೊಳ್ಳುತ್ತೇವೆ.

ಪಥ್ಯಕ್ಕಿಂತ ಮೊದಲು ಊಟ ಕೇಳಿ

ಜೋಯಿಡಾ ಗೆಡ್ಡೆ-ಗೆಣಸಿಗೆ ಹೆಸರಾದ ಊರು. ಕುಣಬಿಗಳು ಅದನ್ನು ಬೆಳೆದು ತಿನ್ನುತ್ತಾರೆ, ಗೆಡ್ಡೆ ಮೇಳದಲ್ಲಿ ಹೆಮ್ಮೆಯಿಂದ ತೋರಿಸುತ್ತಾರೆ. ಗೆಡ್ಡೆಯಲ್ಲಿ ಪೊಟ್ಯಾಶಿಯಂ ಇರುತ್ತೆ. ಕೆಟ್ಟ ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯಕ್ಕೇ ಅಪಾಯ, ನಿಜ. ಹಾಗಂತ ಎಲ್ಲ ಕಿಡ್ನಿ ರೋಗಿಗಳೂ ಗೆಡ್ಡೆ ಬಿಡಬೇಕಿಲ್ಲ, ರಕ್ತಪರೀಕ್ಷೆ ನೋಡಿ ಹೇಳಬೇಕು. ಕಮ್ಮಿ ಮಾಡಬೇಕಾದವರಿಗೂ ಸಣ್ಣಗೆ ಹೆಚ್ಚಿ, ಧಾರಾಳ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿದರೆ ಪೊಟ್ಯಾಶಿಯಂ ಒಂದಿಷ್ಟು ಇಳಿಯುತ್ತೆ. ಎಷ್ಟು ತಿನ್ನಬಹುದು ಅಂತ ವೈದ್ಯರು ಹೇಳಬಹುದು. ‘ಗೆಡ್ಡೆ ತಿನ್ನಬೇಡ’ ಅಂದುಬಿಟ್ಟರೆ, ಬದಲಿಗೆ ಏನು ತಿನ್ನಬೇಕು ಅನ್ನೋ ಪ್ರಶ್ನೆ ಅವರ ತಲೆ ಮೇಲೇ ಉಳಿಯುತ್ತೆ.

ಊಟ ವಿಚಾರಿಸಿದರೆ ಇನ್ನೊಂದು ಲಾಭ. ಐದು ಮೂಲೆಯ ಧಾರೆಹುಳಿ ಕಿಡ್ನಿ ಕೆಟ್ಟವರಿಗೆ ವಿಷವಾಗಬಲ್ಲದು. ಉಪ್ಪು ಮೆತ್ತಿದ ಒಣಮೀನು ಬಿಪಿ ಏರಿಸುತ್ತೆ. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆ, ಕೆಲವು ನಾಟಿ ಔಷಧಿ ಕೂಡ ಕಿಡ್ನಿಗೆ ಪೆಟ್ಟು ಕೊಡಬಹುದು. ನಾಟಿ ವೈದ್ಯರನ್ನು ಹೀಯಾಳಿಸಿದರೆ ರೋಗಿ ಈ ಯಾವುದನ್ನೂ ಬಾಯಿಬಿಡುವುದಿಲ್ಲ.

ಡಯಾಲಿಸಿಸ್ ಅಂದರೆ ಬದುಕೇ ಬದಲು

2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತ. ಆದರೆ ಅದು ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿ ಸಲ ಸುಮಾರು 4 ತಾಸು. ಕಾಡಿನ ನಡುವಿನ ಊರಿಂದ ಬರುವವರಿಗೆ ಇಡೀ ದಿನವೇ ಹೋಗುತ್ತೆ. ಜೊತೆಗೆ ಬಂದವರ ಕೂಲಿಯೂ ಹೋಯ್ತು. ಕೆಟ್ಟಿದ್ದು ಕಿಡ್ನಿ, ಕೈಗೆ ಯಾಕೆ ಆಪರೇಷನ್? ಸೂಜಿ ಚುಚ್ಚೋಕೆ ಗಟ್ಟಿ ರಕ್ತನಾಳ ಬೇಕು, ಅದಕ್ಕೆ ಫಿಸ್ಟುಲಾ. ಆ ಕೈಯಲ್ಲಿ ಭಾರ ಎತ್ತಬಾರದು. ಇದನ್ನು ಹೊರೆ ಹೊರುವವರಿಗೆ ಮೊದಲೇ ಹೇಳಬೇಕಲ್ವಾ? ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಇದೆ, ಅದಕ್ಕೆ ಸ್ವಚ್ಛ ಜಾಗ, ತರಬೇತಿ, ತಪ್ಪದೆ ಬರುವ ದ್ರಾವಣದ ಚೀಲ ಬೇಕು. ಡಯಾಲಿಸಿಸ್ ಬೇಡ ಅಂದರೂ ನೋವು, ಉಬ್ಬಸಕ್ಕೆ ಆರೈಕೆ ಸಿಗಬೇಕು. ಈ ಎಲ್ಲ ದಾರಿಗಳನ್ನೂ ಮುಂದಿಟ್ಟು, ಮನೆಯವರ ಜೊತೆ ಕೂತು ಯೋಚಿಸೋಕೆ ಸಮಯ ಕೊಟ್ಟರೆ ಆಗ ಅದು ಒಪ್ಪಿಗೆ.

2000ದಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ಮರುಭೂಮಿಯ ಆದಿವಾಸಿ ಕಲಾವಿದರು ತಮ್ಮ ಚಿತ್ರಗಳನ್ನು ಹರಾಜು ಹಾಕಿ 10 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. ಡಯಾಲಿಸಿಸ್‌ಗಾಗಿ ನೆಲ, ನಂಟರನ್ನು ಬಿಟ್ಟು ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಬೇಕಿದ್ದವರಿಗೆ ಕಿಂಟೋರ್ ಊರಲ್ಲೇ ಯಂತ್ರ ಬಂತು. ಇಂದು ಪರ್ಪಲ್ ಹೌಸ್ ಎನ್ನುವ ಆ ಸಂಸ್ಥೆಯನ್ನು ಆದಿವಾಸಿಗಳೇ ನಡೆಸುತ್ತಾರೆ.

ನಮ್ಮಲ್ಲಿ ಯಾರೂ ಚಿತ್ರ ಮಾರಬೇಕಿಲ್ಲ, ಸರ್ಕಾರ ತನ್ನ ಕೆಲಸ ಮಾಡಿದರೆ ಸಾಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪಡೆಯುವುದು ಹಕ್ಕು. ಸಿದ್ದಿ, ಕುಣಬಿ, ಗೌಳಿ ಹೆಣ್ಣುಮಕ್ಕಳನ್ನೇ ದುಭಾಷಿಗಳಾಗಿ ಸಂಬಳ ಕೊಟ್ಟು ನೇಮಿಸಲಿ. ರೋಗಿಗೂ ಜೊತೆಗಾರರಿಗೂ ಬಸ್ ಚಾರ್ಜ್, ಕೂಲಿ ನಷ್ಟ ಕೊಡಲಿ. ಅದನ್ನು ಪರಿಶಿಷ್ಟ ಪಂಗಡಕ್ಕಷ್ಟೇ ಸೀಮಿತ ಮಾಡಬಾರದು. ಉತ್ತರ ಕನ್ನಡದ ಸಿದ್ದಿಗಳಿಗೂ ಗೋವಾದ ಕುಣಬಿಗಳಿಗೂ 2003ರಲ್ಲಿ ಆ ಮಾನ್ಯತೆ ಸಿಕ್ಕಿತು, ಗಡಿಯ ಈಚೆಗಿನ ಜೋಯಿಡಾ ಕುಣಬಿಗಳು ಅದಕ್ಕಾಗಿ ವರ್ಷಗಟ್ಟಲೆ ಹೋರಾಡುತ್ತಲೇ ಬಂದಿದ್ದಾರೆ. ನಿಮ್ಮೂರಿನ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಈ ಬೇಡಿಕೆಗಳನ್ನು ಬರೆದುಕೊಡಿ.