ಬದಲಿ ಟೈರು ಖರೀದಿ: ಅಗ್ಗ ಯಾವುದು?

ಸರಕು ವಾಹನದ ಟೈರು ಬದಲಿಸುವಾಗ ವರ್ತಕರು ಸಾಮಾನ್ಯವಾಗಿ ಅಂಗಡಿಯ ದರವನ್ನಷ್ಟೇ ನೋಡುತ್ತಾರೆ. ನಿಜವಾದ ವೆಚ್ಚ ತಿಳಿಯುವುದು ತೆರಿಗೆಯ ಲೆಕ್ಕ ಮುಗಿದ ಮೇಲೆ.

ಲಾರಿ, ಟೆಂಪೊಗಳ ಹೊಸ ಟೈರಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿದೆ. ಉದಾಹರಣೆಗೆ, ರೂ. 10,000 ಮೂಲಬೆಲೆಯ ಟೈರಿಗೆ ಬಿಲ್ಲಿನೊಡನೆ ರೂ. 11,800 ತೆರಬೇಕು. ಅದೇ ಟೈರು ಬಿಲ್ಲಿಲ್ಲದೆ ರೂ. 11,000ಕ್ಕೆ ದೊರೆತರೆ ಲಾಭವೆನಿಸುವುದು ಸಹಜ. ಆದರೆ ತೆರಿಗೆಗೊಳಪಡುವ ವ್ಯವಹಾರ ನಡೆಸುವ ನೋಂದಾಯಿತ ವರ್ತಕರಿಗೆ ರೂ. 1,800 ಇನ್‌ಪುಟ್ ತೆರಿಗೆ ಜಮೆಯಾಗಿ ದೊರೆಯುವುದರಿಂದ ನಿವ್ವಳ ವೆಚ್ಚ ರೂ. 10,000 ಮಾತ್ರ. ಹೀಗಾಗಿ ಬಿಲ್ಲಿಲ್ಲದ ಟೈರೇ ರೂ. 1,000 ದುಬಾರಿ. ಮಾರಾಟಗಾರರು ಆ ಬಿಲ್ಲನ್ನು ತಮ್ಮ ರಿಟರ್ನಿನಲ್ಲಿ ತೋರಿಸಿರುವುದು ಅವಶ್ಯ. ಕಾಂಪೊಸಿಷನ್ ಪದ್ಧತಿಯವರಿಗೆ ಈ ಜಮೆ ಇಲ್ಲ.

ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ಗಮನಿಸಬೇಕು. 2325 ಎಂದರೆ 2025ರ 23ನೇ ವಾರದ ತಯಾರಿಕೆ. ಅಳತೆ, ಭಾರ ಸಾಮರ್ಥ್ಯಗಳು ವಾಹನಕ್ಕೆ ಹೊಂದಬೇಕು. ಜೋಡಣೆ, ಬ್ಯಾಲೆನ್ಸಿಂಗ್‌ಗಳ ಶುಲ್ಕವನ್ನು ಮೊದಲೇ ನಿಗದಿಪಡಿಸಿಕೊಂಡು, ಅಲ್ಪ ದೂರ ಓಡಿದ ನಂತರ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಗೊಳಿಸಬೇಕು.

ಟೈರಿನ ಹಲ್ಲು 1.6 ಮಿ.ಮೀ.ಗೆ ಸವೆಯುವ ಮುನ್ನವೇ ಬದಲಿಸುವುದು ಕಾನೂನಿಗೂ ಚಾಲಕನ ಪ್ರಾಣಕ್ಕೂ ಕ್ಷೇಮ.